‘ಇಷ್ಟು ಕೆಟ್ಟದಾಗಿ ರೆಕಾರ್ಡ್ ಮಾಡಿದ್ದನ್ನು ಯಾಕೆ ಕೇಳಬೇಕು?’

ಪ್ರಶ್ನೆ: ಶಾಲೆಯ ದಿನಗಳಿಂದ ಮೆಟಲ್ ಕೇಳುತ್ತಿದ್ದೇನೆ. ಐರನ್ ಮೇಡನ್, ಮೆಟಾಲಿಕಾ, ಒಪೆತ್ ಎಲ್ಲ ಇಷ್ಟ. ಗೆಳೆಯನೊಬ್ಬ ಡಾರ್ಕ್‌ಥ್ರೋನ್ ತಂಡದ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಕೇಳು ಅಂದ. ಮೂರು ಹಾಡು ಮುಗಿಸುವಷ್ಟರಲ್ಲಿ ಸಾಕಾಯಿತು. ಗಿಟಾರ್ ಒಂದೇ ಸಮನೆ ಗುಂಯ್ ಅನ್ನುತ್ತದೆ, ಬೇಸ್ ಇಲ್ಲವೇ ಇಲ್ಲ, ಡ್ರಮ್ ಎಲ್ಲೋ ದೂರದಲ್ಲಿದೆ. ಇದು ಯೂಟ್ಯೂಬ್ ಅಪ್‌ಲೋಡ್‌ನ ತೊಂದರೆಯೇ? ಅಥವಾ ಅವರ ಹತ್ತಿರ ದುಡ್ಡಿರಲಿಲ್ಲವೇ? ನಿಜವಾಗಿಯೂ ಇದರಲ್ಲಿ ಏನಾದರೂ ಇದೆಯೋ, ಇಲ್ಲ ಇಷ್ಟ ಅಂತ ಜನ ಸುಮ್ನೆ ಹೇಳಿಕೊಳ್ಳುತ್ತಾರೋ? ಇನ್ನೊಂದು ವಿಷಯ. ನಾವು ಮೂವರು ಗೆಳೆಯರು ಒಂದು ಡೆಮೊ (ಮಾದರಿ ರೆಕಾರ್ಡಿಂಗ್) ರೆಕಾರ್ಡ್ ಮಾಡಬೇಕು ಅಂದುಕೊಂಡಿದ್ದೇವೆ. ಇದೇ ರೀತಿ ಕಚ್ಚಾ ಆಗಿ ಮಾಡೋಣ ಅಂತ ಆ ಗೆಳೆಯ ಹಟ ಹಿಡಿದಿದ್ದಾನೆ. ಏನು ಮಾಡಲಿ?

ಉತ್ತರ: ನಿಮ್ಮ ಕಿವಿ ಸರಿಯಾಗೇ ಕೇಳಿಸಿಕೊಂಡಿದೆ. ಗಿಟಾರ್ ಗುಂಯ್ ಅನ್ನುತ್ತದೆ, ಬೇಸ್ ಕೇಳಿಸುವುದೇ ಇಲ್ಲ, ಡ್ರಮ್ ದೂರ. ಮೂರೂ ನಿಜ. ಯೂಟ್ಯೂಬ್‌ನ ಕೆಟ್ಟ ಕಾಪಿ ಇದಕ್ಕೆ ಇನ್ನಷ್ಟು ಹಾನಿ ಸೇರಿಸಿರಬಹುದು, ಅದನ್ನು ಆಮೇಲೆ ಹೇಳುತ್ತೇನೆ. ಆದರೆ ಮೂಲ ರೆಕಾರ್ಡಿಂಗ್ ಇರುವುದೇ ಹೀಗೆ. ಇದು ಬ್ಲ್ಯಾಕ್ ಮೆಟಲ್, ಮೆಟಲ್‌ನಲ್ಲೇ ಒರಟು, ಕತ್ತಲೆಯ ಬಗೆ. ಬೇಕು ಅಂತಲೇ ಹೀಗೆ ಮಾಡಿದ್ದಾರೆ. ಈ ಆಲ್ಬಮ್‌ನಲ್ಲಿ ಆ ಒರಟುತನ ಹಾಡಿನ ಒಂದು ಭಾಗ. ಗಿಟಾರ್ ತೆಗೆದರೆ ಹಾಡು ಹೇಗೆ ಉಳಿಯುವುದಿಲ್ಲವೋ, ಈ ಸದ್ದು ತೆಗೆದರೂ ಉಳಿಯುವುದಿಲ್ಲ. ಎಲ್ಲ ಒರಟು ರೆಕಾರ್ಡಿಂಗ್‌ಗೂ ಈ ಮಾತು ಹೊಂದುವುದಿಲ್ಲ. ಬಹಳಷ್ಟು ಡೆಮೊಗಳು ನಿಜವಾಗಿಯೂ ಕೆಟ್ಟದಾಗಿಯೇ ಇವೆ. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಲಿತರೆ ಕೇಳುವ ಸುಖ ಸಿಗುತ್ತದೆ.

ಮೊದಲು ದುಡ್ಡಿನ ಪ್ರಶ್ನೆ ಮುಗಿಸೋಣ. ಡಾರ್ಕ್‌ಥ್ರೋನ್ ನಾರ್ವೆಯ ಓಸ್ಲೋ ಪಕ್ಕದ ಕೋಲ್‌ಬೋಟ್ನ್ ಊರಿನ ತಂಡ. ಅವರ ಮೊದಲ ಆಲ್ಬಮ್ ‘ಸೋಲ್‌ಸೈಡ್ ಜರ್ನಿ’ 1991ರಲ್ಲಿ ಬಂತು. ಅದನ್ನು ರೆಕಾರ್ಡ್ ಮಾಡಿದ್ದು ಸ್ಟಾಕ್‌ಹೋಮ್‌ನ ಸನ್‌ಲೈಟ್ ಸ್ಟುಡಿಯೋದಲ್ಲಿ. ಆಗ ಸ್ವೀಡನ್ನಿನ ಡೆತ್ ಮೆಟಲ್‌ಗೆ (ದಪ್ಪ, ಭಾರದ ಸದ್ದಿನ ಇನ್ನೊಂದು ಬಗೆಯ ಮೆಟಲ್) ಅದಕ್ಕಿಂತ ಹೆಸರುವಾಸಿ ಜಾಗ ಇರಲಿಲ್ಲ. ಆ ಆಲ್ಬಮ್ ಹಾಕಿ ನೋಡಿ. ಗಿಟಾರ್ ದಪ್ಪ, ಬೇಸ್ ಸ್ಪಷ್ಟ, ಡ್ರಮ್‌ನಲ್ಲಿ ಕಷ್ಟದ ತಿರುವುಗಳು. ಅಂದರೆ ಅವರಿಗೆ ಚೆನ್ನಾಗಿ ನುಡಿಸಲು ಬರುತ್ತಿತ್ತು, ಒಳ್ಳೆಯ ಸ್ಟುಡಿಯೋ ಗೊತ್ತಿತ್ತು, ಇಂಗ್ಲೆಂಡಿನ ಪೀಸ್‌ವಿಲ್ ಎಂಬ ರೆಕಾರ್ಡ್ ಕಂಪನಿ ಬೆನ್ನ ಹಿಂದೆ ಇತ್ತು.

ಅದಾದ ಮೇಲೆ ಅವರು ಎಲ್ಲವನ್ನೂ ಬಿಟ್ಟರು. 1992ರ ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’ ಆಲ್ಬಮ್‌ನ ಟೇಪು ಕೈಗೆ ಬಂದಾಗ ಕಂಪನಿಯವರು ತಬ್ಬಿಬ್ಬಾದರು. ಅವರು ಕಾಯುತ್ತಿದ್ದದ್ದು ಇನ್ನೊಂದು ಡೆತ್ ಮೆಟಲ್ ಆಲ್ಬಮ್‌ಗೆ. ಸದ್ದು ತೆಳ್ಳಗಿದೆ, ಮತ್ತೆ ಮಿಕ್ಸ್ ಮಾಡಿ ಅಂದರು. ತಂಡ ಬಗ್ಗಲಿಲ್ಲ. ಬೇರೆಯವರ ಹತ್ತಿರ ಬಿಡುಗಡೆ ಮಾಡಿಸುತ್ತೇವೆ ಎಂದರು. ಕೊನೆಗೆ ಇದ್ದ ಹಾಗೇ ಹೊರಬಂತು. ಇವತ್ತು ಆ ಆಲ್ಬಮ್ ನಾರ್ವೆಯ ರಾಷ್ಟ್ರೀಯ ಗ್ರಂಥಾಲಯದ ಪ್ರದರ್ಶನದಲ್ಲಿದೆ. 1993ರಲ್ಲಿ ‘ಅಂಡರ್ ಎ ಫ್ಯೂನರಲ್ ಮೂನ್’ ಬಂತು, ಇನ್ನೂ ತೆಳ್ಳಗೆ, ಇನ್ನೂ ತಣ್ಣಗೆ. 1994ರ ‘ಟ್ರಾನ್ಸಿಲ್ವೇನಿಯನ್ ಹಂಗರ್’ ಹೊತ್ತಿಗೆ ಸ್ಟುಡಿಯೋ ಸಹ ಬೇಡವಾಯಿತು. ನೆಕ್ರೋಹೆಲ್ ಅಂತ ಹೆಸರಿಟ್ಟುಕೊಂಡ ತಮ್ಮದೇ ಪುಟ್ಟ ಸೆಟಪ್‌ನಲ್ಲಿ, ನಾಲ್ಕು ಟ್ರ್ಯಾಕ್‌ನ (ಟೇಪಿನ ಮೇಲೆ ಬೇರೆ ಬೇರೆಯಾಗಿ ರೆಕಾರ್ಡ್ ಆಗುವ ಪಟ್ಟಿಗಳು) ಪೋರ್ಟಾಸ್ಟುಡಿಯೋ ಮೇಲೆ ಕೆಲಸ ಮುಗಿಸಿದರು. ಗಿಟಾರ್, ಬೇಸ್, ಡ್ರಮ್ ಮೂರನ್ನೂ ಫೆನ್ರಿಜ್ ಒಬ್ಬರೇ ನುಡಿಸಿದರು. ನೊಕ್ಟರ್ನೋ ಕುಲ್ಟೋ ದನಿ ಮಾತ್ರ ಕೊಟ್ಟರು.

ಮೆಟ್ಟಿಲು ಹತ್ತಿದವರು ತಾವಾಗಿಯೇ ಇಳಿದು ಬಂದರು ಅಂದರೆ ಕೆಳಗೆ ಅವರಿಗೆ ಬೇಕಾದದ್ದು ಏನೋ ಇರಲೇಬೇಕು, ಅಲ್ವಾ? ಅದೇನು ಅಂತ ನೋಡೋಣ.

ಪೋರ್ಟಾಸ್ಟುಡಿಯೋ ಅಂದರೆ ಮಾಮೂಲಿ ಆಡಿಯೋ ಕ್ಯಾಸೆಟ್ ಮೇಲೆ ರೆಕಾರ್ಡ್ ಮಾಡುವ ಮಿಕ್ಸರ್. ಮೊದಲನೆಯದನ್ನು ಜಪಾನಿನ ಟಿಯಾಕ್ ಕಂಪನಿ 1979ರಲ್ಲಿ ತಂದಿತು. ನಾವೆಲ್ಲ ಹಾಡು ಕೇಳುತ್ತಿದ್ದ ಅದೇ ಕ್ಯಾಸೆಟ್. ಟೇಪಿನ ಅಗಲ 4 ಮಿಲಿಮೀಟರ್‌ಗೂ ಸ್ವಲ್ಪ ಕಡಿಮೆ. ಮನೆಯ ಡೆಕ್‌ನಲ್ಲಿ ಒಂದು ಬದಿಗೆ ಎರಡು ಟ್ರ್ಯಾಕ್, ತಿರುಗಿಸಿ ಹಾಕಿದರೆ ಇನ್ನೆರಡು. ಪೋರ್ಟಾಸ್ಟುಡಿಯೋ ಆ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸುತ್ತದೆ. ಸ್ಟುಡಿಯೋದಲ್ಲಿ ಎರಡು ಇಂಚು ಅಗಲದ ಟೇಪಿನ ಮೇಲೆ 24 ಟ್ರ್ಯಾಕ್ ಹರಡಿಕೊಳ್ಳುತ್ತವೆ, ಇಲ್ಲಿ ಪ್ರತಿ ಟ್ರ್ಯಾಕ್‌ಗೆ ಸಿಗುವುದು ಕೂದಲೆಳೆಯಷ್ಟು ಜಾಗ. ಜಾಗ ಕಡಿಮೆಯಾದಷ್ಟೂ ಹಿಸ್, ಅಂದರೆ ಟೇಪಿನ ಸುಸ್ ಅನ್ನುವ ಸದ್ದು, ಜಾಸ್ತಿ. ಮಟ್ಟ ಸ್ವಲ್ಪ ಏರಿಸಿದರೆ ಸಾಕು, ಟೇಪ್ ತುಂಬಿಹೋಗುತ್ತದೆ. ಸದ್ದಿನ ಚೂಪು ತುದಿಗಳನ್ನು ಟೇಪ್ ತಾನಾಗಿಯೇ ಸವೆಸಿಬಿಡುತ್ತದೆ. ಟ್ರ್ಯಾಕ್ ಸಾಲದೆ ಎರಡನ್ನು ಸೇರಿಸಿ ಮೂರನೆಯದಕ್ಕೆ ಇಳಿಸಿದರೆ ಒಂದು ಸುತ್ತು ಮಂಕು ಸೇರಿಕೊಳ್ಳುತ್ತದೆ.

ಈ ಸವೆತದ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ನಿಮ್ಮ ಇಡೀ ಪ್ರಶ್ನೆಗೆ ಉತ್ತರ ಇಲ್ಲೇ ಇದೆ.

ಬ್ಲ್ಯಾಕ್ ಮೆಟಲ್ ಗಿಟಾರಿನಲ್ಲಿ ಬಲಗೈ ಮತ್ತು ಎಡಗೈ ಬೇರೆ ಬೇರೆ ವೇಗದಲ್ಲಿ ಹೋಗುತ್ತವೆ. ಬಲಗೈ ಟ್ರೆಮೊಲೋ ಪಿಕಿಂಗ್ ಮಾಡುತ್ತದೆ. ಅದೇ ತಂತಿಯನ್ನು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಮೇಲೆ ಕೆಳಗೆ ಮೀಟುತ್ತದೆ. ಎಡಗೈ ಮಾತ್ರ ನಿಧಾನ. ಒಂದು ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಹಿಡಿದು ಸಾಕಷ್ಟು ಹೊತ್ತು ಅಲ್ಲೇ ಇರುತ್ತದೆ, ಆಮೇಲೆ ಮುಂದಿನದಕ್ಕೆ ಹೋಗುತ್ತದೆ. ಅಂದರೆ ಮೇಲುಮೇಲೆ ಕೇಳಿದರೆ ಭಯಂಕರ ವೇಗ, ಒಳಗೆ ನಡೆಯುತ್ತಿರುವ ರಾಗ ವಿಲಂಬ. ಐರನ್ ಮೇಡನ್ ಕೇಳಿ ಬೆಳೆದ ಕಿವಿ ಸಹಜವಾಗಿ ಬಲಗೈ ಹಿಂದೆ ಹೋಗುತ್ತದೆ. ಅಲ್ಲಿ ರಿಫ್‌ನ (ಮತ್ತೆ ಮತ್ತೆ ಬರುವ ಗಿಟಾರ್ ತುಣುಕಿನ) ಕುದುರೆ ಓಟ, ಪ್ರತಿ ಪೆಟ್ಟಿನ ಸ್ಪಷ್ಟತೆ, ಅದೇ ಮಜಾ. ಇಲ್ಲಿ ಬಲಗೈ ಹಿಂದೆ ಹೋದರೆ ಬರೀ ಗುಂಯ್ ಸಿಗುತ್ತದೆ. ಎಡಗೈ ಹಿಂದೆ ಹೋಗಬೇಕು.

ಈಗ ಇದೇ ರಿಫ್ ಅನ್ನು ದುಬಾರಿ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿದರೆ ಏನಾಗುತ್ತದೆ ಯೋಚಿಸಿ. ಪ್ಲೆಕ್ಟ್ರಮ್ ತಂತಿಗೆ ತಗಲುವ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕಿವಿ ಪೆಟ್ಟುಗಳನ್ನೇ ಎಣಿಸುತ್ತಾ ಕೂರುತ್ತದೆ. ಸದ್ದನ್ನು ಒರಟಾಗಿಸುವ ಅಗ್ಗದ ಫಜ್ ಪೆಡಲ್, ಸಣ್ಣ ಆಂಪ್ಲಿಫೈಯರ್, ತುಂಬಿಹೋದ ಟೇಪ್, ಮೂರೂ ಸೇರಿ ಆ ಪೆಟ್ಟುಗಳ ತುದಿ ಸವೆಸಿದಾಗ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಗ ಗಿಟಾರ್ ಕಮಾನು ಎಳೆದ ವಾದ್ಯದಂತೆ ನಿರಂತರವಾಗಿ ಹರಿಯುತ್ತದೆ. ರಾಗದ ಗೆರೆ ಮೇಲೆ ಬರುತ್ತದೆ. ಮಂಕಾದ ರೆಕಾರ್ಡಿಂಗ್‌ನಲ್ಲಿ ರಾಗ ಹೆಚ್ಚು ಸ್ಪಷ್ಟವಾಗುತ್ತದೆ ಅನ್ನುವುದು ವಿಚಿತ್ರ ಅನ್ನಿಸಬಹುದು. ಒಮ್ಮೆ ಕಿವಿಗೆ ಸಿಕ್ಕಿತು ಅಂದರೆ ಮತ್ತೆ ತಪ್ಪಿಸಿಕೊಳ್ಳುವುದಿಲ್ಲ.

ಬೇಸ್ ಕೇಳಿಸದಿರುವುದಕ್ಕೂ ಒಂದು ಲೆಕ್ಕ ಇದೆ. ಡಿಸ್ಟಾರ್ಷನ್ ಹಾಕಿದ, ಅಂದರೆ ಸದ್ದನ್ನು ಬೇಕಂತಲೇ ಒಡೆದ, ಗಿಟಾರಿನಲ್ಲಿ ಎರಡು ಸ್ವರ ಒಟ್ಟಿಗೆ ನುಡಿಸಿದರೆ ಹೊಸ ಸ್ವರಗಳು ಹುಟ್ಟುತ್ತವೆ. ಎರಡರ ಕಂಪನ ಕೂಡಿಸಿದಷ್ಟು ಒಂದು, ಕಳೆದಷ್ಟು ಇನ್ನೊಂದು. 220 ಹರ್ಟ್ಜ್‌ನ ಎ ಸ್ವರ, 330ರ ಇ ಸ್ವರ ಸೇರಿಸಿ ನುಡಿಸಿ. ಕಳೆದಾಗ ಬರುವುದು 110, ಅಂದರೆ ಅದೇ ಎ, ಒಂದು ಸ್ಥಾಯಿ ಕೆಳಗೆ. ತುಂಬಾ ಚೆನ್ನಾಗಿ ಹೊಂದುತ್ತದೆ. ಇದೇ ಪವರ್ ಕಾರ್ಡ್, ಅದಕ್ಕೇ ಮೆಟಲ್‌ನಲ್ಲಿ ಎಲ್ಲರೂ ಅದನ್ನೇ ಬಳಸುತ್ತಾರೆ. ಈಗ ನಡುವೆ 262ರ ಸಿ ಸೇರಿಸಿ, ಮೈನರ್ ಕಾರ್ಡ್ ಆಗುತ್ತದೆ. ಕಳೆದರೆ 42, 68 ಹೀಗೆ ಬರುತ್ತವೆ. ಗಿಟಾರಿನ ಅತಿ ದಪ್ಪ ತಂತಿಯೇ 82 ಹರ್ಟ್ಜ್. ಅದಕ್ಕೂ ಕೆಳಗೆ, ಕಾರ್ಡ್‌ಗೆ ಸರಿಯಾಗಿ ಹೊಂದದ ಒಂದು ಗೊಣಗಾಟ ತುಂಬಿಕೊಳ್ಳುತ್ತದೆ. ದಪ್ಪ, ಬೇಸ್ ಭರಿತ ಸೌಂಡ್‌ನಲ್ಲಿ ಪೂರ್ತಿ ಮೈನರ್ ಕಾರ್ಡ್ ನುಡಿಸಿದರೆ ಕೆಸರು. ಕೆಳಗಿನದನ್ನು ಕತ್ತರಿಸಿ ಹಾಕಿ, ಆ ಗೊಣಗಾಟವೂ ಹೋಗುತ್ತದೆ. ಮೈನರ್ ಕಾರ್ಡ್‌ನ ಮೂರೂ ಸ್ವರ ಕಾಣಿಸುತ್ತವೆ. ಬ್ಲ್ಯಾಕ್ ಮೆಟಲ್‌ನ ಆ ದುಃಖ, ಆ ಚಳಿ ಬರುವುದು ಈ ಮೈನರ್ ಕಾರ್ಡ್‌ಗಳಿಂದ. ಅವು ಬೇಕು ಅಂದರೆ ಸದ್ದು ತೆಳ್ಳಗಾಗಬೇಕು. ಅವರು ಈ ಗಣಿತ ಮಾಡಿ ಕೂತರು ಅಂತ ನಾನು ಹೇಳುವುದಿಲ್ಲ. ಕಿವಿಯಿಂದ ಕಂಡುಕೊಂಡರು.

ನಮ್ಮ ಕಡೆ ಇದು ಹೊಸ ವಿಷಯ ಏನಲ್ಲ. ತಂಬೂರಿಯ ಕುದುರೆ ಮೇಲೆ, ತಂತಿಯ ಕೆಳಗೆ ಒಂದು ದಾರ ಸಿಕ್ಕಿಸುತ್ತಾರೆ. ಸರಿಯಾದ ಝೇಂಕಾರ ಬರುವವರೆಗೆ ಅದನ್ನು ಹಿಂದೆ ಮುಂದೆ ಸರಿಸುತ್ತಾರೆ. ದಾರ ತೆಗೆದರೆ ತಂತಿಯ ಸದ್ದು ಶುದ್ಧವಾಗುತ್ತದೆ, ತಂಬೂರಿ ಸಪ್ಪೆಯಾಗುತ್ತದೆ. ತಂತಿಯ ಆ ಗುಂಯ್‌ಗಾಗಿಯೇ ಅಷ್ಟು ಹೊತ್ತು ಕೂತು ಶ್ರುತಿ ಮಾಡುವುದು.

ಡ್ರಮ್ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಈ ಆಲ್ಬಮ್‌ನಲ್ಲಿ ಹೆಚ್ಚುಕಮ್ಮಿ ಒಂದೇ ನಡೆ ಕೊನೆಯವರೆಗೂ ಹೋಗುತ್ತದೆ. ತಿರುವುಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೊದಲ ಆಲ್ಬಮ್‌ನಲ್ಲಿ ಅಷ್ಟೆಲ್ಲ ಕಸರತ್ತು ಮಾಡಿದ ಅದೇ ಕೈ ಇದು, ನೆನಪಿರಲಿ. ಡ್ರಮ್ ಮುಂದೆ ಬಂದು ನಿಂತರೆ ಅದರ ಏಕತಾನ ತಲೆ ತಿನ್ನುತ್ತದೆ. ಹಿಂದೆ ಇಟ್ಟರೆ ಅದು ನಡಿಗೆಯಾಗುತ್ತದೆ, ಗಮನ ಗಿಟಾರಿಗೆ ಹೋಗುತ್ತದೆ. ದನಿಯೂ ಹಾಗೇ. ಸಾಲುಗಳು ಬಹಳಷ್ಟು ನಾರ್ವೇಜಿಯನ್ ಭಾಷೆಯಲ್ಲಿವೆ, ಆದರೂ ಅರ್ಥವಾಗದೆ ಉಳಿಯುವುದು ಭಾಷೆಯಿಂದಲ್ಲ. ದನಿಯನ್ನು ಇನ್ನೊಂದು ಒರಟು ವಾದ್ಯದಂತೆ ಬಳಸಿದ್ದಾರೆ.

ಹಾಗಾದರೆ ಈ ರುಚಿ ಎಲ್ಲಿಂದ ಬಂತು? ಇದರ ಬೇರು ಬಡತನದಲ್ಲೇ ಇದೆ. ಇಂಗ್ಲೆಂಡಿನ ವೆನಮ್ ತಂಡದ 1981ರ ಮೊದಲ ಆಲ್ಬಮ್ ಡೆಮೊ ಅಂತ ರೆಕಾರ್ಡ್ ಮಾಡಿದ್ದು, ಅದನ್ನೇ ಹಾಗೇ ಬಿಡುಗಡೆ ಮಾಡಿದರು. ಸ್ವೀಡನ್ನಿನ ಬಾಥರಿ 1984ರಲ್ಲಿ ಮೊದಲ ಆಲ್ಬಮ್ ಮಾಡಿದ್ದು ಸ್ಟಾಕ್‌ಹೋಮ್‌ನಲ್ಲಿ ಸ್ಟುಡಿಯೋ ಆಗಿ ಬದಲಾಯಿಸಿದ ಒಂದು ಗ್ಯಾರೇಜ್‌ನಲ್ಲಿ. ಬ್ರೆಜಿಲ್‌ನ ಬೆಲೊ ಒರಿಜಾಂಟೆ ನಗರದಲ್ಲಿ ಸಾರ್ಕೊಫಾಗೊ 1987ರಲ್ಲಿ ‘ಐ.ಎನ್.ಆರ್.ಐ.’ ಮಾಡಿತು. ಅದೇ ಊರಿನ ಸೆಪುಲ್ಟುರಾ ಹುಡುಗರು ತಮ್ಮ ಶುರುವಿನ ದಿನಗಳಲ್ಲಿ ಗಿಟಾರ್ ಸರಿಯಾಗಿ ಶ್ರುತಿ ಮಾಡದೆಯೇ ರೆಕಾರ್ಡ್ ಮಾಡಿದರು. ಇವರ‍್ಯಾರಿಗೂ ಬೇರೆ ದಾರಿ ಇರಲಿಲ್ಲ. ಇವೆಲ್ಲ ಅಂಚೆಯಲ್ಲಿ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಕಾಪಿಯಾಗುತ್ತಾ ಊರೂರು ಸುತ್ತಿದವು. ಪ್ರತಿ ಕಾಪಿಗೂ ಮಂಕು ಜಾಸ್ತಿ. ನಾರ್ವೆಯ ಹುಡುಗರು ಇದನ್ನು ಕೇಳಿ ಬೆಳೆದರು. ಅವರ ಕಿವಿಗೆ ಅಪಾಯ, ಗುಟ್ಟು, ಕತ್ತಲೆ ಅಂದರೆ ಈ ಸದ್ದೇ.

ಆಮೇಲೆ 1990ರ ಸುಮಾರಿಗೆ ಡೆತ್ ಮೆಟಲ್ ದೊಡ್ಡದಾಯಿತು. ಅಮೆರಿಕದ ಫ್ಲೋರಿಡಾದಲ್ಲಿ ಟ್ಯಾಂಪಾದ ಮೊರಿಸೌಂಡ್ ಸ್ಟುಡಿಯೋ, ಸ್ವೀಡನ್ನಿನಲ್ಲಿ ಸನ್‌ಲೈಟ್. ತಂಡಗಳು ಸಾಲುಗಟ್ಟಿ ಅಲ್ಲಿಗೇ ಹೋದವು. ಒಂದರ ಹಾಗೆ ಇನ್ನೊಂದು ಕೇಳಿಸತೊಡಗಿತು. ಬ್ರೆಜಿಲ್‌ನವರಿಗೆ ಅನಿವಾರ್ಯವಾಗಿ ಬಂದದ್ದನ್ನು ಓಸ್ಲೋದವರು ಆರಿಸಿಕೊಂಡದ್ದು ಆಗ. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು ಇದೇ. ಇಲ್ಲದವರ ಸದ್ದಿನಲ್ಲಿ ಏನು ಶಕ್ತಿ ಇದೆ ಅಂತ ಇರುವವರು ಕೂತು ಕೇಳಿ ಕಲಿತರು.

ನಾರ್ವೆಯ ಎಲ್ಲರೂ ಕ್ಯಾಸೆಟ್ ಹಿಡಿದುಕೊಂಡು ಕೂತಿದ್ದರು ಅಂತ ತಿಳಿಯಬೇಡಿ. ಅಲ್ಲಿನ ಹಲವು ಮುಖ್ಯ ಆಲ್ಬಮ್‌ಗಳು ಹುಟ್ಟಿದ್ದು ಬೆರ್ಗೆನ್‌ನ ಗ್ರೀಗ್‌ಹಾಲೆನ್‌ನಲ್ಲಿ. ಅದು ಸಂಗೀತ ರಚನೆಕಾರ ಎಡ್ವರ್ಡ್ ಗ್ರೀಗ್ ಹೆಸರಿನ ದೊಡ್ಡ ಸಂಗೀತ ಭವನ. ಅಲ್ಲಿನ ಎಂಜಿನಿಯರ್ ಐರಿಕ್ ಹುಂಡ್ವಿನ್, ಎಲ್ಲರೂ ಕರೆಯುವುದು ಪಿಟನ್ ಅಂತ. ಮೇಹೆಮ್‌ನ ‘ಡೆ ಮಿಸ್ಟೀರಿಸ್ ಡಾಮ್ ಸಥಾನಸ್’, ಎಂಪರರ್‌ನ ‘ಇನ್ ದ ನೈಟ್‌ಸೈಡ್ ಎಕ್ಲಿಪ್ಸ್’ ಎರಡೂ 1994ರಲ್ಲಿ ಬಂದವು, ಎರಡೂ ಅವರ ಕೈಯಿಂದ. ಮೇಹೆಮ್ ಆಲ್ಬಮ್‌ನ ಡ್ರಮ್ ಕೇಳಿ. ಸುತ್ತ ಭವನದ ಗಾಳಿಯೇ ತುಂಬಿಕೊಂಡಿದೆ. ಒರಟು ಹೌದು, ಅಗ್ಗ ಖಂಡಿತ ಅಲ್ಲ.

ಬುರ್ಜುಮ್‌ನ ‘ಫಿಲೋಸೊಫೆಮ್’ ಇನ್ನೊಂದು ರೀತಿ. ರೆಕಾರ್ಡ್ ಆಗಿದ್ದು 1993ರಲ್ಲಿ, ಹೊರಬಂದದ್ದು 1996ರಲ್ಲಿ. ಇದನ್ನು ಮಾಡಿದ ವರ್ಗ್ ವಿಕೆರ್ನೆಸ್, ಇರುವುದರಲ್ಲೇ ಅತಿ ಕೆಟ್ಟ ಮೈಕ್ ಕೊಡಿ ಅಂತ ಕೇಳಿ ಹೆಡ್‌ಸೆಟ್‌ನ ಮೈಕ್‌ನಲ್ಲಿ ಹಾಡಿದ. ಗಿಟಾರಿಗೆ ಆಂಪ್ ಬಳಸದೆ ಅಣ್ಣನ ಮನೆ ಸ್ಟೀರಿಯೋಗೆ ಫಜ್ ಪೆಡಲ್ ಸಿಕ್ಕಿಸಿ ನುಡಿಸಿದ. ಫಲ ಏನಾಯಿತು ಅಂದರೆ ದನಿ ಮತ್ತು ಗಿಟಾರ್ ಒಂದೇ ಬಟ್ಟೆಯಿಂದ ಕತ್ತರಿಸಿದಂತೆ ಕೂಡಿಕೊಂಡವು. ಇಲ್ಲಿ ಬಹಳಷ್ಟು ಕಡೆ ವೇಗವೂ ಇಲ್ಲ. ನಿಧಾನದ ಲಯ, ಅದರ ಮೇಲೆ ಆ ಸುಟ್ಟ ಸದ್ದು, ಮಧ್ಯೆ ಒಂದು ಸರಳ ಕೀಬೋರ್ಡ್ ರಾಗ. ಒರಟು ರೆಕಾರ್ಡಿಂಗ್ ಬಗ್ಗೆ ಮಾತಾಡುವ ಯಾರೂ ಈ ಆಲ್ಬಮ್ ಬಿಟ್ಟು ಮಾತಾಡಲಾರರು.

ಆ ಮನುಷ್ಯನ ಬಗ್ಗೆ ಹೇಳದೆ ಮುಂದೆ ಹೋಗಲೂ ಆಗುವುದಿಲ್ಲ. 1993ರ ಆಗಸ್ಟ್‌ನಲ್ಲಿ ಮೇಹೆಮ್‌ನ ಗಿಟಾರಿಸ್ಟ್ ಯೂರೋನಿಮಸ್‌ನನ್ನು ಆತ ಕೊಂದ. ಚರ್ಚ್‌ಗಳಿಗೆ ಬೆಂಕಿ ಇಟ್ಟ ಪ್ರಕರಣಗಳಲ್ಲೂ ಅಪರಾಧಿ ಎಂದು ತೀರ್ಮಾನವಾಗಿ 21 ವರ್ಷದ ಶಿಕ್ಷೆಯಾಯಿತು. ಆಮೇಲೆ ಬರೆದದ್ದರಲ್ಲಿ ಜನಾಂಗ ದ್ವೇಷ ತುಂಬಿದೆ. ‘ಟ್ರಾನ್ಸಿಲ್ವೇನಿಯನ್ ಹಂಗರ್’ನ ಕೊನೆಯ ನಾಲ್ಕು ಹಾಡಿನ ಸಾಹಿತ್ಯವೂ ಆತನದೇ. ಆ ಆಲ್ಬಮ್‌ನ ಹಿಂಬದಿಯಲ್ಲಿ ಮೊದಲು ‘ಆರ್ಯ’ ಎಂಬ ಪದ ಇತ್ತು. ಗಲಾಟೆಯಾಗಿ ಆಮೇಲೆ ತೆಗೆದರು, ತಂಡದವರು ಅದಕ್ಕೆ ವಿಷಾದವನ್ನೂ ಹೇಳಿದ್ದಾರೆ. ಇದೆಲ್ಲ ಗೊತ್ತಿದ್ದು ಕೇಳಬೇಕು. ಬುರ್ಜುಮ್‌ಗೆ ನಾನು ದುಡ್ಡು ಕೊಡುವುದಿಲ್ಲ, ಗೆಳೆಯರಿಗೂ ಕೊಡಿ ಅನ್ನುವುದಿಲ್ಲ. ಅದೇ ಸಮಯಕ್ಕೆ ಆ ಸದ್ದು ಆಮೇಲಿನ ನೂರಾರು ತಂಡಗಳಿಗೆ ದಾರಿ ತೋರಿಸಿತು ಅನ್ನುವುದನ್ನು ಮುಚ್ಚಿಡುವುದೂ ಸರಿಯಲ್ಲ. ದ್ವೇಷಕ್ಕೂ ಈ ಸದ್ದಿಗೂ ನಂಟೇನೂ ಇಲ್ಲ. ಇವತ್ತು ಇದೇ ಒರಟು ಸದ್ದಿನಲ್ಲಿ ಆ ದ್ವೇಷವನ್ನು ಬಾಯಿಬಿಟ್ಟು ವಿರೋಧಿಸುವ ತಂಡಗಳೂ ಇವೆ.

ಇನ್ನು ಒಳ್ಳೆಯ ಒರಟು, ಕೆಟ್ಟ ಒರಟು. ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ. ಇದನ್ನು ಶುಚಿ ಮಾಡಿದರೆ ಹಾಡಿಗೆ ಲಾಭವೋ ನಷ್ಟವೋ? ಲಾಭ ಅನ್ನಿಸಿದರೆ ಅದು ಸುಮ್ನೆ ಕೆಟ್ಟ ರೆಕಾರ್ಡಿಂಗ್. ಒಳಗೆ ಒಳ್ಳೆಯ ಹಾಡು ಸಿಕ್ಕಿಹಾಕಿಕೊಂಡಿದೆ, ಪಾಪ. ಲಾಭವೂ ಇಲ್ಲ, ನಷ್ಟವೂ ಇಲ್ಲ ಅನ್ನಿಸಿದರೆ ಹಾಡೇ ಇಲ್ಲ. ಇಂಥವು ಬೇಕಾದಷ್ಟಿವೆ. ಮಂಜು ಮುಸುಕಿದೆ, ಮಂಜಿನ ಹಿಂದೆ ಏನೂ ಇಲ್ಲ. ನಷ್ಟ ಅನ್ನಿಸಿದರೆ ಮಾತ್ರ ನಿಲ್ಲಿ, ಅಲ್ಲಿ ಯಾರೋ ಯೋಚನೆ ಮಾಡಿದ್ದಾರೆ. ಸ್ವಿಟ್ಜರ್ಲೆಂಡಿನ ಪೇಸಾಜ್ ಡಿವೇರ್ ಅನ್ನು ಕೇಳಿ. ಒಬ್ಬನೇ ಮನುಷ್ಯ, 1990ರ ದಶಕದ ಕೊನೆಯಿಂದ ಮಾಡುತ್ತಿರುವ ಕ್ಯಾಸೆಟ್‌ಗಳು, ಎಲ್ಲವೂ ಚಳಿಗಾಲದಲ್ಲಿ ಅಲೆಯುವ ಒಬ್ಬ ಪಥಿಕನ ಒಂದೇ ಕಥೆ. ಹಿಮಗಾಳಿಯ ಸದ್ದು ಎಲ್ಲಿ ಮುಗಿಯಿತು, ಗಿಟಾರ್ ಎಲ್ಲಿ ಶುರುವಾಯಿತು ಅಂತ ಹೇಳಲು ಬರುವುದಿಲ್ಲ. ಇದನ್ನು ಶುಚಿ ಮಾಡಿದರೆ ಗಾಳಿ ಒಂದು ಕಡೆ, ಗಿಟಾರ್ ಒಂದು ಕಡೆ ನಿಲ್ಲುತ್ತವೆ. ಕಥೆ ಸತ್ತುಹೋಗುತ್ತದೆ.

ಜನ ಸುಮ್ನೆ ಹೇಳಿಕೊಳ್ಳುತ್ತಾರಾ ಅಂದಿರಲ್ಲ, ಹೇಳಿಕೊಳ್ಳುವವರೂ ಇದ್ದಾರೆ. ಈ ಸಂಗೀತದ ಸುತ್ತ ಅಪರೂಪದ ಕ್ಯಾಸೆಟ್ ಹುಚ್ಚು ದೊಡ್ಡದು. ಫ್ರಾನ್ಸಿನ ಬ್ರೆಸ್ಟ್ ಊರಿನ ಸುತ್ತ 1990ರ ದಶಕದಲ್ಲಿ ‘ಕಪ್ಪು ಪಡೆ’ ಅಂತ ಕರೆದುಕೊಂಡ ಒಂದು ಗುಂಪಿತ್ತು. ಮ್ಯೂಟೀಲೇಷನ್, ವ್ಲಾಡ್ ಟೆಪೆಸ್ ಮುಂತಾದ ತಂಡಗಳು. ಬೆರಳೆಣಿಕೆಯ ಕ್ಯಾಸೆಟ್ ಮಾಡಿ ತಮ್ಮವರಿಗಷ್ಟೇ ಹಂಚಿದರು. ಅದರಲ್ಲಿ ಕೆಲವು ನಿಜಕ್ಕೂ ಮನಸ್ಸು ಕಲಕುವಂಥವು. ಇನ್ನು ಕೆಲವಕ್ಕೆ ಸಿಗುವುದಿಲ್ಲ ಅನ್ನುವುದು ಬಿಟ್ಟರೆ ಬೇರೆ ಗುಣವಿಲ್ಲ. ದಂತಕಥೆಗಳೂ ಹಾಗೇ. ನಾರ್ವೆಯ ಉಲ್ವರ್ ತಂಡ 1997ರ ‘ನಾಟೆನ್ಸ್ ಮಾದ್ರಿಗಾಲ್’ ಅನ್ನು ಕಾಡಿನಲ್ಲಿ ಕೂತು ರೆಕಾರ್ಡ್ ಮಾಡಿತು, ಕಂಪನಿ ಕೊಟ್ಟ ದುಡ್ಡಲ್ಲಿ ಸೂಟು ಕಾರು ತೆಗೆದುಕೊಂಡಿತು ಅಂತ ಒಂದು ಕಥೆ ಇವತ್ತಿಗೂ ಓಡಾಡುತ್ತಿದೆ. ತಂಡದವರೇ ಅಲ್ಲಗಳೆದಿದ್ದಾರೆ. ಆದರೆ ಆಲ್ಬಮ್ ಅದ್ಭುತ. ಕಿವಿ ಕೊರೆಯುವ ಆ ಸದ್ದಿನ ಒಳಗೆ ಎರಡು ಗಿಟಾರ್‌ಗಳು ಒಂದಕ್ಕೊಂದು ಹೆಣೆದುಕೊಂಡು ಹೋಗುವ ರೀತಿಗೆ ಯಾವ ಕಟ್ಟುಕಥೆಯೂ ಬೇಕಾಗಿಲ್ಲ.

ಈಗ ಕೇಳುವ ಬಗೆ. ಮೊದಲು ಆ ಯೂಟ್ಯೂಬ್ ಕಾಪಿ ಬಿಡಿ. ಫೈಲ್ ಚಿಕ್ಕದು ಮಾಡುವ ತಂತ್ರಗಳಿಗೆ ಅತಿ ಕಷ್ಟದ ಕೆಲಸ ಅಂದರೆ ಹಿಸ್‌ನಂಥ, ಡ್ರಮ್‌ನ ಸಿಂಬಲ್ ತಟ್ಟೆಯಂಥ ಗೊತ್ತುಗುರಿಯಿಲ್ಲದ ಸದ್ದು. ಅವುಗಳನ್ನು ಕತ್ತರಿಸಿದಾಗ ನೀರಿನೊಳಗಿಂದ ಬಂದಂತೆ ಸುಳಿಸುಳಿ ಆಗುತ್ತದೆ. ಶುಚಿಯಾದ ಪಾಪ್ ಹಾಡು ಕಡಿಮೆ ಬಿಟ್‌ರೇಟ್ ತಡೆದುಕೊಳ್ಳುತ್ತದೆ, ಇದು ತಡೆದುಕೊಳ್ಳುವುದಿಲ್ಲ. ಸಿ.ಡಿ. ಇಲ್ಲವೇ ಲಾಸ್‌ಲೆಸ್ ಫೈಲ್ (ಸದ್ದಿನಲ್ಲಿ ಏನನ್ನೂ ಕತ್ತರಿಸದ ಫೈಲ್) ಹಿಡಿಯಿರಿ. ಟೇಪಿನ ಒರಟು ಬೇಕು, ಎಂ.ಪಿ.3 ಒರಟು ಬೇಡ.

ಫೋನಿನಲ್ಲಿ ಬೇಸ್ ಬೂಸ್ಟ್, ಸರೌಂಡ್ ಏನಿದ್ದರೂ ಆಫ್ ಮಾಡಿ. ಇಲ್ಲದ ಬೇಸನ್ನು ಎಬ್ಬಿಸಲು ಹೋದರೆ ಆಗಲೇ ಹೇಳಿದ ಗೊಣಗಾಟ ಎದ್ದು ಬರುತ್ತದೆ. ವಾಲ್ಯೂಮ್ ಕಡಿಮೆ ಇಡಿ. ಇದು ಮುಖ್ಯ. ಮೆಟಲ್ ಅಂದರೆ ಜೋರಾಗಿ ಅನ್ನುವ ಅಭ್ಯಾಸ ಇಲ್ಲಿ ಕೆಲಸ ಮಾಡುವುದಿಲ್ಲ. ನಮ್ಮ ಕಿವಿ 2,000ದಿಂದ 5,000 ಹರ್ಟ್ಜ್ ನಡುವಿನ ಸದ್ದಿಗೆ ಬಹಳ ಚುರುಕು. ಈ ಆಲ್ಬಮ್‌ಗಳ ಬಹುಪಾಲು ಸದ್ದು ಅಲ್ಲೇ ಕೂತಿದೆ. ಜೋರು ಮಾಡಿದರೆ ಹತ್ತು ನಿಮಿಷಕ್ಕೆ ಕಿವಿ ದಣಿಯುತ್ತದೆ. ನೀವು ಮೂರು ಹಾಡಿಗೇ ಸಾಕು ಅಂದದ್ದಕ್ಕೆ ಇದೂ ಒಂದು ಕಾರಣ ಇರಬಹುದು. ಕೋಣೆಯಲ್ಲಿ ಸ್ಪೀಕರ್ ಹಾಕಿ, ಮಾತಾಡಿದರೆ ಕೇಳಿಸುವಷ್ಟು ಮಟ್ಟದಲ್ಲಿ ಇಟ್ಟು ನೋಡಿ. ಇಯರ್‌ಫೋನ್‌ಗಿಂತ ಅದೇ ವಾಸಿ.

ಶುರು ಮಾಡುವುದೂ ‘ಟ್ರಾನ್ಸಿಲ್ವೇನಿಯನ್ ಹಂಗರ್’ನಿಂದ ಬೇಡ. ನಿಮ್ಮ ಗೆಳೆಯ ಕೊನೆಯ ಮೆಟ್ಟಿಲನ್ನೇ ಮೊದಲು ತೋರಿಸಿದ್ದಾನೆ. ಒಪೆತ್ ಇಷ್ಟ ಅಂದಿರಲ್ಲ, ಎಂಪರರ್ ಹಿಡಿಸುತ್ತದೆ. ಅಲ್ಲಿಂದ ಮೇಹೆಮ್‌ಗೆ ಬನ್ನಿ. ಆಮೇಲೆ ‘ಎ ಬ್ಲೇಜ್ ಇನ್ ದ ನಾರ್ದರ್ನ್ ಸ್ಕೈ’. ಅದರಲ್ಲಿ ಇನ್ನೂ ಡೆತ್ ಮೆಟಲ್‌ನ ರಿಫ್‌ಗಳು ಉಳಿದಿವೆ, ಕಿವಿಗೆ ಹಿಡಿದುಕೊಳ್ಳಲು ಏನಾದರೂ ಸಿಗುತ್ತದೆ. ಆಮೇಲೆ ‘ಅಂಡರ್ ಎ ಫ್ಯೂನರಲ್ ಮೂನ್’. ಅದಾದ ಮೇಲೆ ನಿಮ್ಮನ್ನು ಓಡಿಸಿದ ಆಲ್ಬಮ್‌ಗೆ ಹೋಗಿ. ಮೊದಲ ಹಾಡು ಮಾತ್ರ ಹಾಕಿ, ಎಡಗೈ ಹಿಂದೆ ಹೋಗಿ. ಕಾರ್ಡ್ ಯಾವಾಗ ಬದಲಾಗುತ್ತದೆ ಅಂತ ಕಾಯಿರಿ. ಬದಲಾದಾಗ ಸಣ್ಣದಾಗಿ ಗುನುಗಿ. ಗುನುಗಲು ಬಂತು ಅಂದರೆ ರಾಗ ಸಿಕ್ಕಿತು. ಇಷ್ಟಾದ ಮೇಲೂ ಹಿಡಿಸದಿದ್ದರೆ ಬಿಡಿ. ರುಚಿ ಅವರವರದು, ಗೆಳೆಯನಿಗಾಗಿ ತಲೆ ಆಡಿಸಬೇಕಿಲ್ಲ.

ನಿಮ್ಮ ಡೆಮೊ ವಿಷಯಕ್ಕೆ ಬರುತ್ತೇನೆ. ನಿಮ್ಮ ಹಾಡುಗಳು ಹೇಗಿವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ತಿರುವು, ತಾಳದ ಆಟ, ಬೇಸ್ ಗಿಟಾರಿನ ಕೆಲಸ ಇರುವ ಹಾಡುಗಳಾದರೆ ಗೆಳೆಯನ ಹಟಕ್ಕೆ ಒಪ್ಪಬೇಡಿ. ಅವೆಲ್ಲ ಹೂತುಹೋಗುತ್ತವೆ, ನಿಮ್ಮ ಶ್ರಮ ಯಾರಿಗೂ ಕೇಳಿಸುವುದಿಲ್ಲ. ಉದ್ದನೆಯ ರಿಫ್, ನಿಧಾನಕ್ಕೆ ಬದಲಾಗುವ ಕಾರ್ಡ್, ಒಂದೇ ನಡೆಯ ಡ್ರಮ್ ಇದ್ದರೆ ಧೈರ್ಯವಾಗಿ ಮಾಡಿ.

ಮಾಡುವುದಾದರೆ ಒರಟುತನವನ್ನು ಶುರುವಿನಲ್ಲೇ ತನ್ನಿ. ಸಣ್ಣ ಪ್ರಾಕ್ಟೀಸ್ ಆಂಪ್ ಸಾಕು, ಎಂಟು ಇಂಚಿನ ಸ್ಪೀಕರ್ ಇದ್ದರೂ ನಡೆಯುತ್ತದೆ. ಗೇನ್, ಅಂದರೆ ಡಿಸ್ಟಾರ್ಷನ್‌ನ ಪ್ರಮಾಣ, ನಿಮಗೆ ಬೇಕು ಅನ್ನಿಸುವುದಕ್ಕಿಂತ ಕಡಿಮೆ ಇಡಿ, ಇಲ್ಲದಿದ್ದರೆ ಕಾರ್ಡ್ ಕರಗಿಹೋಗುತ್ತದೆ. ಡ್ರಮ್‌ಗೆ ಎಂಟು ಮೈಕ್ ಬೇಡ. ತಲೆಯ ಮೇಲೆ ಒಂದು, ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಮುಂದೆ ಒಂದು ಇಟ್ಟರೆ ಸಾಕು. ಕೋಣೆ ಚೆನ್ನಾಗಿ ನುಡಿಯುವ ಜಾಗ ಹುಡುಕಲು ಒಂದು ಸಂಜೆ ಪೂರ್ತಿ ಕೊಡಿ, ಮೈಕ್ ಖರ್ಚಿಗಿಂತ ಅದು ಮುಖ್ಯ. ಶ್ರುತಿ ಮಾತ್ರ ಕಟ್ಟುನಿಟ್ಟು. ಶ್ರುತಿ ತಪ್ಪಿದ ಗಿಟಾರ್‌ನಲ್ಲಿ ಮೈನರ್ ಕಾರ್ಡ್ ನಿಲ್ಲುವುದೇ ಇಲ್ಲ. ಡಿಸ್ಟಾರ್ಷನ್ ಇಲ್ಲದ ಗಿಟಾರ್ ಸಿಗ್ನಲ್ ಒಂದನ್ನು ಪಕ್ಕದಲ್ಲಿ ಬೇರೆಯಾಗಿ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಆಮೇಲೆ ಮನಸ್ಸು ಬದಲಾದರೆ ಅದನ್ನು ಇನ್ನೊಂದು ಆಂಪ್‌ಗೆ ಕಳಿಸಬಹುದು. ಮಿಕ್ಸ್ ಮಾಡುವಾಗ ಗಿಟಾರ್‌ನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ತೆಗೆದು ಕೇಳಿ, ಸಾಲದಿದ್ದರೆ 150ಕ್ಕೆ ಏರಿಸಿ. ಎಲ್ಲ ಮುಗಿದ ಮೇಲೆ ಕಂಪ್ಯೂಟರಿನ ಸೌಂಡ್ ಪ್ಲಗಿನ್‌ನಿಂದ ಟೇಪ್ ಹಿಸ್ ಸುರಿಯಬೇಡಿ. ಹಿಸ್ ಬೇಕೇ ಬೇಕು ಅಂದರೆ ಹಳೆಯ ಕ್ಯಾಸೆಟ್ ಡೆಕ್ ಒಂದನ್ನು ಹುಡುಕಿ, ಮಿಕ್ಸನ್ನು ಅದಕ್ಕೆ ಸ್ವಲ್ಪ ಜೋರಾಗಿ ಇಳಿಸಿ, ಮತ್ತೆ ಕಂಪ್ಯೂಟರಿಗೆ ತನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಯಾವುದು ಅಂತ ಹೇಳದೆ, ನಿಮ್ಮ ಮೂರನೇ ಗೆಳೆಯನಿಗೆ ಕೇಳಿಸಿ. ಅವನು ಆರಿಸಿದ್ದನ್ನು ಬಿಡುಗಡೆ ಮಾಡಿ.